ಖಾಲಿ ಹೊಟ್ಟೆಗೆ ಕಾವಲು ಕೂತ ಕೊಲ್ಲಾಪುರಮ್ಮ

ಬೆಳಗಿನ ಐದೂಮುಕ್ಕಾಲು. ಮಧುಗಿರಿ ಬೆಟ್ಟದ ತುದಿಗೆ ಇನ್ನೂ ಬಿಸಿಲು ಮುಟ್ಟಿಲ್ಲ. ಪಾವಗಡದ ಕಡೆಗೆ ಹೋಗುವ ರಸ್ತೆ ಬದಿಯ ಒಂದು ಖಾಸಗಿ ಆಸ್ಪತ್ರೆಯ ಹಿಂಭಾಗದಲ್ಲಿ, ಎಂಡೋಸ್ಕೋಪಿ ಕೋಣೆಯ ಬಾಗಿಲಿಗೆ ಅಡ್ಡಲಾಗಿ ಒಂದು ಕಬ್ಬಿಣದ ಕುರ್ಚಿ. ಅದರ ಮೇಲೆ ಐವತ್ತೆಂಟು ವರ್ಷದ ಕೊಲ್ಲಾಪುರಮ್ಮ ಕೂತಿದ್ದಾರೆ. ಮಡಿಲಲ್ಲಿ ಮುಚ್ಚಳವಿರುವ ಸ್ಟೀಲ್ ಡಬ್ಬಿ. ಎದುರಿಗೆ ನಿಂತಿರುವವರು ಪುರವರದ ದಿನಸಿ ಅಂಗಡಿಯ ತಿಪ್ಪೇಶ್. ನಲವತ್ತನಾಲ್ಕು ವರ್ಷ, ನೂರ ನಲವತ್ತೊಂದು ಕೆಜಿ. ಗೇಟಿನಿಂದ ಇಲ್ಲಿಯವರೆಗೆ ನಡೆದದ್ದಕ್ಕೇ ಅಂಗಿ ಬೆವರಿಗೆ ಬೆನ್ನಿಗಂಟಿದೆ.

“ಗುಡಿಗೋಗಿದ್ಯೇನಪ್ಪಾ?”

“ಹೂಂ ಕಣಮ್ಮ, ಬರ್ತಾ ದಾರೀಲೇ.”

“ಏನ್ ಕೊಟ್ರು?”

ತಿಪ್ಪೇಶ್ ಬಲಗೈ ಮುಷ್ಟಿ ಬಿಚ್ಚುತ್ತಾರೆ. ಒಂದು ಚೂರು ಕೊಬ್ಬರಿ, ಸ್ವಲ್ಪ ಬೆಲ್ಲ. “ದೇವರಾಣೆ ಮುಟ್ಟಿಲ್ಲ ಕಣಮ್ಮ. ಬಾಯ್ಗಾಕ್ಕೊಳ್ಲಾ ಅಂತ ನಮ್ಮವ್ವ ಮೂರು ಸಲ ಅಂದ್ಳು.”

“ಇಲ್ಲಾಕು.” ಡಬ್ಬಿ ಮುಂದೆ ಬರುತ್ತದೆ. “ಕಣ್ಣಿಗೊತ್ಕೊಂಡ್ ಹಾಕು. ಇದು ನಿಂದೇ, ಎಲ್ಲೂ ಹೋಗಲ್ಲ. ಈಗ ಬಾಯ್ ತೆಗಿ. ನಾಲ್ಗೆ ಎತ್ತು. ಊದು.”

ಊರಿನಲ್ಲಿ ಹತ್ತು ಜನಕ್ಕೆ ಬುದ್ಧಿ ಹೇಳುವ ಅಂಗಡಿ ಯಜಮಾನ, ಒಂದನೇ ಕ್ಲಾಸಿನ ಮಗುವಿನ ಹಾಗೆ ಬಾಯಿ ತೆಗೆದು ಊದುತ್ತಾರೆ. ಕೊಲ್ಲಾಪುರಮ್ಮ ಮೂಗು ಮುಂದೆ ಮಾಡಿ ವಾಸನೆ ಹಿಡಿಯುತ್ತಾರೆ, ಆಮೇಲೆ ಕುರ್ಚಿ ಸರಿಸಿ ದಾರಿ ಬಿಡುತ್ತಾರೆ. ಒಳಗೆ ಸಿಸ್ಟರ್ ಫೈಲಿನಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಆವತ್ತಿನ ಮೊದಲ ಹೊಟ್ಟೆ ಖಾಲಿ ಎಂದು ಖಾತ್ರಿಯಾಗಿದೆ.

ಈ ಆಸ್ಪತ್ರೆಗೆ ತಿಂಗಳಿಗೆ ಎರಡು ಭಾನುವಾರ ಬೆಂಗಳೂರಿನಿಂದ ಡಾಕ್ಟರ್ ಬರುತ್ತಾರೆ. ತೂಕ ಕೈಮೀರಿ ಹೋದವರಿಗೆ ಹೊಟ್ಟೆ ಕೊಯ್ಯದೆಯೇ ಚಿಕಿತ್ಸೆ. ಅದೇನು ಎಂದು ಡಾಕ್ಟರನ್ನು ಕೇಳಿದ್ದೆ. ಅವರು ಪರದೆಯ ಮೇಲೆ ಚಿತ್ರಗಳನ್ನು ತೋರಿಸಿ ಹತ್ತು ನಿಮಿಷ ವಿವರಿಸಿದರು, ನಾನು ತಲೆಯಾಡಿಸಿದೆ. ಅರ್ಥವಾದದ್ದು ಮಾತ್ರ ಕೊಲ್ಲಾಪುರಮ್ಮ ಹೇಳಿದ ಮೇಲೆಯೇ: “ಬಾಯಾಗಿಂದ ಪೈಪು ಬುಟ್ಟು ಹೊಟ್ಟೆಯೊಳ್ಗೆ ಒಂದು ಬಲೂನು ಇಡ್ತಾರೆ ಕಣಪ್ಪ. ಅದ್ರೊಳಕ್ಕೆ ನೀಲಿ ನೀರು ತುಂಬ್ತಾರೆ. ಆರ್ ತಿಂಗ್ಳು ಅಲ್ಲೇ ಇರ್ತೈತೆ. ಅರ್ಧ ಮುದ್ದೆಗೇ ಸಾಕಪ್ಪಾ ಅನ್ನುಸ್ತೈತೆ. ಬಲೂನು ಒಡೀತು ಅಂದ್ರೆ ಉಚ್ಚೆ ನೀಲಿ ಆಯ್ತೈತೆ, ನೀಲಿ ಕಂಡ್ರೆ ನಿಂತ ಕಾಲ್ಮೇಲೆ ಬಂದ್ಬುಡಿ ಅಂತ ಹೇಳ್ಕಳಿಸ್ತೀನಿ. ಇನ್ ಕೆಲವ್ರಿಗೆ ಹೊಟ್ಟೇನೇ ಒಳಗಿಂದ ಮಡಚಿ ಹೊಲೀತಾರೆ. ಬಟ್ಟೆ ಸಡ್ಲ ಆದ್ರೆ ಒಳಗೆ ಹಿಡಿಯಲ್ವಾ, ಅಂಗೆ.”

ಯಾವುದೇ ಆಗಲಿ, ಹೊಟ್ಟೆ ಖಾಲಿ ಇರಲೇಬೇಕು. ಮಂಪರಿನ ಮದ್ದು ಕೊಟ್ಟಾಗ ಗಂಟಲಿನ ಎಚ್ಚರವೂ ಮಲಗುತ್ತದೆ. ಒಳಗೆ ಏನಾದರೂ ಇದ್ದರೆ ಅದು ಮೇಲೆ ಬಂದು ಶ್ವಾಸಕ್ಕೆ ಇಳಿಯುತ್ತದೆ. ಅದಕ್ಕೇ ಹಿಂದಿನ ದಿನದಿಂದ ಬರೀ ಗಂಜಿ ತಿಳಿಯಂಥ ನೀರಾಹಾರ, ರಾತ್ರಿ ಮಲಗಿದ ಮೇಲೆ ಅದೂ ಇಲ್ಲ. ಇದನ್ನು ಎಲ್ಲ ಆಸ್ಪತ್ರೆಗಳಲ್ಲೂ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿರುತ್ತಾರೆ. ಎಲ್ಲ ಆಸ್ಪತ್ರೆಗಳಲ್ಲೂ ನರ್ಸಮ್ಮ “ಏನಾದ್ರೂ ತಿಂದಿದ್ದೀರಾ?” ಎಂದು ಕೇಳುತ್ತಾರೆ. ಆ ಪ್ರಶ್ನೆ ಕೇಳಿದರೆ ನಮ್ಮ ಕಡೆ ಸತ್ಯ ಸಿಗುವುದಿಲ್ಲ ಎಂಬುದು ಕೊಲ್ಲಾಪುರಮ್ಮನಿಗೆ ಗೊತ್ತು. ಯಾಕೆಂದರೆ ಒಮ್ಮೆ ಆ ಪ್ರಶ್ನೆಗೆ “ಇಲ್ಲ” ಎಂದು ಉತ್ತರ ಕೊಟ್ಟವರು ಅವರೇ.

ಇಷ್ಟು ಬರೆಯುವುದಕ್ಕೂ ಅವರ ಅಪ್ಪಣೆ ಬೇಕಾಯಿತು. ಇಪ್ಪತ್ತೆರಡು ವರ್ಷದಿಂದ ಸುತ್ತಲಿನ ನಾಲ್ಕು ತಾಲ್ಲೂಕು ಸುತ್ತಿ ಪತ್ರಿಕೆಗೆ ಬರೆಯುತ್ತಿದ್ದೇನೆ. ಸಾಮಾನ್ಯವಾಗಿ ಜನ ಮೊದಲು ಬೇಡ ಎನ್ನುತ್ತಾರೆ, ಆಮೇಲೆ ತಲೆ ಬಾಚಿಕೊಂಡು ಫೋಟೊಗೆ ನಿಲ್ಲುತ್ತಾರೆ. ಇವರು ನಿಲ್ಲಲಿಲ್ಲ. “ನನ್ನ ಕತೆ ತಗೊಂಡು ಏನ್ ಉಪ್ಪಾಕ್ತೀಯಾ?” ಎಂದು ಎದ್ದು ಹೋದರು. ಎರಡನೇ ಸಲ ಹೋದಾಗ ಅವರೇ ಕರೆದು ಕೂರಿಸಿಕೊಂಡರು.

“ಬರಿ. ಆದ್ರೆ ಒಂದು ಮಾತು ಬರೀಲೇಬೇಕು. ಲೋಹಿತಾ ಅಂತ ಒಬ್ಳು ನರ್ಸು ಇದ್ಳು. ಏಳು ವರ್ಷದ್ ಹಿಂದೆ ನನ್ ಮಗಳ ಜೀವ ಹೋದಾಗ ತಪ್ಪೆಲ್ಲ ಅವಳ್ದೇ ಅಂತ ಕೆಲ್ಸ ಕಿತ್ರು. ಅವಳ್ದು ತಪ್ಪಿಲ್ಲ. ತಪ್ಪು ನಂದು. ಅವ್ಳು ಎಲ್ಲವ್ಳೋ ಗೊತ್ತಿಲ್ಲ. ಪೇಪರ್ನಾಗೆ ಬಂದ್ರೆ ಓದ್ಬೋದು. ಇದನ್ ಬರಿಯೋದಾದ್ರೆ ಉಳಿದಿದ್ದೂ ಬರಿ, ಇಲ್ದಿದ್ರೆ ಎದ್ದೋಗು.”

ನಾನು ಏಳಲಿಲ್ಲ.

ಕೊಲ್ಲಾಪುರಮ್ಮನ ಊರು ಬಡವನಹಳ್ಳಿಯಿಂದ ಮೂರು ಮೈಲಿ. ಊರ ಗುಡಿಯಲ್ಲಿರುವ ಅಮ್ಮನ ಹೆಸರೇ ಇವರಿಗೂ. ಗಂಡ ದೊಡ್ಡರಂಗಪ್ಪ ಹೊಲ ನೋಡಿಕೊಳ್ಳುತ್ತಾರೆ, ಮಾತು ಕಡಿಮೆ. ಒಬ್ಬಳೇ ಮಗಳು ಲಕ್ಷ್ಮೀದೇವಿ ಅಂಗನವಾಡಿ ಸಹಾಯಕಿಯಾಗಿದ್ದಳು. ಹದಿನೈದನೇ ವಯಸ್ಸಿನಿಂದ ಏರತೊಡಗಿದ ತೂಕ ಮೂವತ್ತೊಂದಕ್ಕೆ ನೂರ ಮೂವತ್ತಾರು ಮುಟ್ಟಿತ್ತು.

“ಊರಿನ ಬಾಯಿ ಮುಚ್ಚಕ್ಕಾಯ್ತದಾ? ಏನ್ ತಿನ್ನಿಸ್ತೀಯೇ ಮಗಳ್ಗೆ ಅನ್ನೋರು. ನನ್ ಮಗ್ಳು ಒಂದ್ ಹೊತ್ತು ತಿನ್ನೋಳು ಕಣಪ್ಪ. ಥೈರಾಯ್ಡು ಅಂದ್ರು, ಇನ್ನೊಂದು ಅಂದ್ರು, ಮಾತ್ರೆ ನುಂಗಿದ್ದೇ ಬಂತು. ತೂಕ ನೋಡಕ್ಕೆ ಹೋದ್ರೆ ಆಸ್ಪತ್ರೆ ಮಿಷನ್ನು ನೂರಿಪ್ಪತ್ತಕ್ಕೇ ನಿಂತೋಗದು. ಹುಣಸೆಹಣ್ಣು ಮಂಡೀಗೆ ಕರ್ಕೊಂಡೋಗಿ, ಮೂಟೆ ತೂಗೋ ತಕ್ಡಿ ಮೇಲೆ ನಿಲ್ಸಿ ತೂಗ್ಸಿದ್ವಿ. ಹಮಾಲರು ಎಲ್ಲ ಕೈ ಕಟ್ಕೊಂಡು ನೋಡ್ತಾವ್ರೆ. ಅವ್ಳು ಸೆರಗು ಮುಖಕ್ಕೆ ಹಾಕ್ಕೊಂಡು ನಿಂತವ್ಳೆ. ಅಯ್ಯೋ, ಆವತ್ತು ಭೂಮಿ ಬಾಯಿ ಬಿಡಬಾರ್ದಾ ಅನ್ನುಸ್ಬುಡ್ತು.”

ಲಕ್ಷ್ಮೀದೇವಿಯ ಆಸೆ ದೊಡ್ಡದೇನಲ್ಲ. ಅಂಗನವಾಡಿಯ ಮಕ್ಕಳು ನೆಲದ ಮೇಲೆ ಕೂತು ಉಣ್ಣುತ್ತವೆ. ಇವಳು ಬಾಗಿಲ ಬಳಿ ಕಲ್ಲು ಕಟ್ಟೆಯ ಮೇಲೆ ಕೂತು ನೋಡಬೇಕು, ಯಾಕೆಂದರೆ ನೆಲಕ್ಕೆ ಕೂತರೆ ಏಳಿಸಲು ಇಬ್ಬರು ಬೇಕು. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಅದು ಮುರಿದು ಬಿದ್ದ ಮೇಲೆ ಮದುವೆ ಮನೆಗಳಿಗೆ ಹೋಗುವುದನ್ನೇ ಬಿಟ್ಟಿದ್ದಳು. ಮಕ್ಕಳ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಅವುಗಳ ಬಾಯಿಗೆ ತುತ್ತಿಡಬೇಕು ಎಂಬುದೇ ಅವಳ ಆಸೆ. ಬಲೂನಿನ ಚಿಕಿತ್ಸೆ ಇದೆಯೆಂದು ಮೊಬೈಲಿನಲ್ಲಿ ನೋಡಿ ತಿಳಿದವಳೂ ಅವಳೇ, ದೂರದ ದೊಡ್ಡ ಊರಿನ ಆಸ್ಪತ್ರೆಯಲ್ಲಿ ದಿನ ಗೊತ್ತು ಮಾಡಿಕೊಂಡವಳೂ ಅವಳೇ.

ಆ ದಿನ ಶುಕ್ರವಾರ. ಹಿಂದಿನ ದಿನ ಮಧ್ಯಾಹ್ನದಿಂದ ಲಕ್ಷ್ಮೀದೇವಿ ಆಸ್ಪತ್ರೆಯವರು ಹೇಳಿದ್ದನ್ನೆಲ್ಲ ಪಾಲಿಸಿದ್ದಾಳೆ. ಒಂದು ಅಗುಳು ಮುಟ್ಟಿಲ್ಲ. ಬೆಳಗಿನ ಜಾವ ಕಾರು ಬಂತು. ಮಗಳು ಆಸ್ಪತ್ರೆಗೆ ಹೋಗುವಾಗ ಊರಮ್ಮನಿಗೆ ಕೈ ಮುಗಿಯದೆ ಯಾವ ತಾಯಿ ಹೊರಡುತ್ತಾಳೆ? ಕೊಲ್ಲಾಪುರಮ್ಮ ಮಡಿಯಲ್ಲಿ ತಂಬಿಟ್ಟು ಮಾಡಿದ್ದರು. ಅಕ್ಕಿ ಹಿಟ್ಟು, ಬೆಲ್ಲ, ಎಳ್ಳು, ಹುರಿಗಡಲೆ, ಯಾಲಕ್ಕಿ. ಗುಡಿಯಲ್ಲಿ ತಂಬಿಟ್ಟಿನ ಆರತಿ ಬೆಳಗಿ, ಅದೇ ತಂಬಿಟ್ಟನ್ನು ಮುರಿದು ಹಂಚಿದರು.

“ಬ್ಯಾಡವ್ವ, ಏನೂ ತಿನ್ಬಾರ್ದು ಅಂದವ್ರೆ ಅಂದ್ಳು ಕಣಪ್ಪ ನನ್ ಮಗ್ಳು.” ಇಲ್ಲಿ ಕೊಲ್ಲಾಪುರಮ್ಮನ ದನಿ ಸಣ್ಣದಾಗುತ್ತದೆ. “ಪ್ರಸಾದ ತಿಂದ್ರೆ ತಿಂದಂಗಲ್ಲ ಕಣೇ, ಬ್ಯಾಡ ಅಂದ್ರೆ ತಾಯಿ ಮುನುಸ್ಕೊತಾಳೆ ಅಂದೆ. ನಾನೇ ಬಾಯಿಗಿಟ್ಟೆ. ಒಂದಲ್ಲ, ಎರಡು ತುತ್ತು. ಹಸ್ಕೊಂಡಿತ್ತು ಮಗ, ತಿಂತು.”

ಇದನ್ನು ಓದಿ ಪಟ್ಟಣದವರು ಯಾರಾದರೂ ಮೂಢತನ ಎಂದು ಮೂಗು ಮುರಿದರೆ ನನಗೆ ಸಿಟ್ಟು ಬರುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಏಕಾದಶಿ, ಶಿವರಾತ್ರಿಗೆ ಉಪವಾಸ ಇರುವ ನಮ್ಮ ಮನೆಗಳಲ್ಲೂ ಪ್ರಸಾದ ಬಾಯಿಗೆ ಹಾಕಿಕೊಂಡರೆ ಉಪವಾಸ ಕೆಟ್ಟಿತು ಎಂದು ಯಾರೂ ಲೆಕ್ಕ ಹಿಡಿಯುವುದಿಲ್ಲ. ನನ್ನ ತಾಯಿಯೂ ಹಿಡಿದಿಲ್ಲ, ನಾನೂ ಹಿಡಿದಿಲ್ಲ. ಅದು ಊಟದ ಪಟ್ಟಿಗೇ ಸೇರುವುದಿಲ್ಲ. ಆಸ್ಪತ್ರೆಯಲ್ಲಿ ಲೋಹಿತಾ ಎಂಬ ಇಪ್ಪತ್ತಮೂರರ ನರ್ಸು “ಏನಾದ್ರೂ ತಿಂದಿದ್ದಾರಾ?” ಎಂದಾಗ ಕೊಲ್ಲಾಪುರಮ್ಮ “ಹಲ್ಲಿಗೆ ಒಂದಗುಳು ಮುಟ್ಟಿಸಿಲ್ಲ ಕಣಮ್ಮ” ಎಂದರು. ಲೋಹಿತಾ ಅದನ್ನೇ ಬರೆದುಕೊಂಡರು.

ಮಂಪರಿನಲ್ಲಿ ಲಕ್ಷ್ಮೀದೇವಿ ವಾಂತಿ ಮಾಡಿಕೊಂಡಳು. ಅದು ಶ್ವಾಸಕೋಶಕ್ಕೆ ಇಳಿಯಿತು. ಹನ್ನೊಂದು ದಿನ ಯಂತ್ರದ ಉಸಿರಿನ ಮೇಲಿದ್ದು ತೀರಿಕೊಂಡಳು.

“ಮೂರನೇ ದಿನ ಡಾಕ್ಟ್ರು ಕರೆದು ಕೇಳಿದ್ರು, ಹೊಟ್ಟೇಲಿ ಹಿಟ್ಟು, ಎಳ್ಳು ಇತ್ತಲ್ಲಮ್ಮ, ಯಾರ್ ಕೊಟ್ರು ಅಂತ. ಆಗ ನಂಗೆ ಗೊತ್ತಾಯ್ತು. ಸುತ್ಲೂ ನಮ್ಮೋರೆಲ್ಲ ನಿಂತವ್ರೆ. ಬಾಯಿ ಬರ್ಲಿಲ್ಲ. ಆಮೇಲೆ ಹೆಣ ತಗೊಳಕ್ಕೆ ಊರಿಂದ ಎರಡು ಟೆಂಪೋ ಜನ ಬಂದ್ರು. ಗಾಜು ಒಡೆದ್ರು. ಆ ಹುಡ್ಗೀನ ಮಧ್ಯಕ್ಕೆಳ್ಕೊಂಡು ಸರಿಯಾಗಿ ಕೇಳಿಲ್ಲ ಇವ್ಳೇ, ಇವ್ಳೇ ಕೊಂದಿದ್ದು ಅಂದ್ರು. ಅವ್ಳು ನನ್ ಮುಖಾನೇ ನೋಡ್ತಾ ನಿಂತಿದ್ಳು. ನಾನು ಗೋಡೆಗೊರಗಿ ಕೂತಿದ್ದೆ. ಒಂದ್ ಮಾತು ಆಡಿದ್ರೆ ಸಾಕಿತ್ತು. ಆಡ್ಲಿಲ್ಲ. ಮೊದ್ಲು ಇಲ್ಲ ಅಂದಾಗ ಅದು ಸುಳ್ಳು ಅಂತ ನಂಗೆ ಗೊತ್ತಿರ್ಲಿಲ್ಲ. ಆಮೇಲೆ ಸುಮ್ನೆ ಕೂತ್ನಲ್ಲ, ಅದು ಸುಳ್ಳು ಕಣಪ್ಪ.”

ಗಂಡನಿಗೆ ಹೇಳಿದ್ದು ಎರಡು ವರ್ಷದ ಮೇಲೆ. ದೊಡ್ಡರಂಗಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಎದ್ದು ಹೊಲಕ್ಕೆ ಹೋದವರು ಸಂಜೆ ಬಂದು, “ಬೇರೆಯೋರ್ ಮಕ್ಳಿಗೆ ಇಂಗಾಗ್ದಂಗೆ ಏನಾರ ಮಾಡು” ಎಂದರಂತೆ. ಆಗ ಕೊಲ್ಲಾಪುರಮ್ಮ ಮಧುಗಿರಿಯ ಈ ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಅಲ್ಲಿ ಬಲೂನಿನ ಚಿಕಿತ್ಸೆ ಹೊಸದಾಗಿ ಶುರುವಾಯಿತು. ಮೊದಲ ಭಾನುವಾರವೇ ಕಾರಿಡಾರಿನಲ್ಲಿ ಒಬ್ಬ ಅಜ್ಜಿ ಮೊಮ್ಮಗನ ಬಾಯಿಗೆ ಸಕ್ಕರೆ ಪೊಂಗಲ್ ಇಡುತ್ತಿದ್ದದ್ದು ಇವರ ಕಣ್ಣಿಗೆ ಬಿತ್ತು. ಒರೆಸುವ ಕೋಲು ಎಸೆದು ಓಡಿಹೋಗಿ ಅಜ್ಜಿಯ ಕೈಗೇ ಹೊಡೆದುಬಿಟ್ಟರು. ಪ್ರಸಾದ ನೆಲಕ್ಕೆ ಬಿತ್ತು. ದೊಡ್ಡ ರಂಪವೇ ಆಯಿತು.

ಆಸ್ಪತ್ರೆಯ ವ್ಯವಸ್ಥಾಪಕ ಗೌರೀಶ್, ಕೊಲ್ಲಾಪುರಮ್ಮನನ್ನು ಕೆಲಸದಿಂದ ತೆಗೆಯಲೆಂದೇ ಕರೆದಿದ್ದರು. ಅವರೇ ಹೇಳುತ್ತಾರೆ: “ಯಾಕಮ್ಮ ಹೀಗ್ ಮಾಡಿದೆ ಅಂದೆ. ಪ್ರಸಾದಕ್ಕೂ ಹೊಟ್ಟೇಲಿ ಜಾಗ ಬೇಕಲ್ವಾ ಸ್ವಾಮಿ ಅಂದ್ರು. ಅಲ್ಲಿವರೆಗೂ ನಮ್ಮ ಫಾರಂನಲ್ಲಿ ಪ್ರಸಾದದ ಪ್ರಶ್ನೆ ಇರಲಿಲ್ಲ.” ಮುಂದಿನ ಸಲ ಬಾಗಿಲ ಬಳಿ ಕುರ್ಚಿ ಬಂತು. ಹುದ್ದೆಗೆ ಹೆಸರಿಲ್ಲ. ಹಾಜರಿ ಪುಸ್ತಕದಲ್ಲಿ ಇಂದಿಗೂ ‘ಆಯಾ’ ಎಂದೇ ಇದೆ.

ಐದು ವರ್ಷದಲ್ಲಿ ಮುನ್ನೂರ ಎಂಬತ್ತಕ್ಕೂ ಹೆಚ್ಚು ಜನ ಈ ಕುರ್ಚಿ ದಾಟಿದ್ದಾರೆ. ನಲವತ್ತೊಂದು ಜನರನ್ನು ಕೊಲ್ಲಾಪುರಮ್ಮ ಬಾಗಿಲಿನಿಂದಲೇ ವಾಪಸು ಕಳಿಸಿದ್ದಾರೆ. ಶಿರಾದ ಒಬ್ಬ ಹೆಂಗಸು ದರ್ಗಾದಲ್ಲಿ ಪ್ರಸಾದದ ಹಾಗೆ ಕೊಡುವ ತಬರ್ರುಕ್ ತಿಂದಿದ್ದರು. ಕೊರಟಗೆರೆಯ ಮಾಸ್ತರರೊಬ್ಬರು ಮೂರು ಉದ್ಧರಣೆ ತೀರ್ಥದ ಜೊತೆ ಅರ್ಧ ಲೋಟ ಪಂಚಾಮೃತ ಕುಡಿದಿದ್ದರು. ಕಳ್ಳತನದಿಂದ ಇಡ್ಲಿ ತಿಂದು ಬಂದವರು ಬರೀ ನಾಲ್ವರು. ಉಳಿದ ಮೂವತ್ತೇಳು ಜನ ತಾವು ಖಾಲಿ ಹೊಟ್ಟೆಯಲ್ಲೇ ಇದ್ದೇವೆಂದು ಮನಸಾರೆ ನಂಬಿ ಬಂದವರು.

ಅವರಲ್ಲಿ ಒಬ್ಬರಾದರೂ ಥ್ಯಾಂಕ್ಸ್ ಹೇಳಿದ್ದಾರಾ ಎಂದು ಕೇಳಿದೆ. “ಥೂ, ಥ್ಯಾಂಕ್ಸಾ? ಶಾಪ ಹಾಕ್ಕೊಂಡ್ ಹೋಗ್ತಾರೆ. ದಿನ ಕೆಡಿಸಿದ್ಳು ಮುಂಡೆ ಅಂತಾರೆ. ಅನ್ಲಿ ಬುಡು, ಬೈಯೋಕೆ ಉಸ್ರು ಐತಲ್ಲ.”

ಅದನ್ನು ನಾನೂ ಆ ಭಾನುವಾರವೇ ಕಣ್ಣಾರೆ ಕಂಡೆ. ತಿಪ್ಪೇಶ್ ಒಳಗೆ ಹೋಗಿ ಒಂದು ಗಂಟೆಯಾಗಿರಬಹುದು. ಕ್ಯಾತಗಾನಚೆರ್ಲಿನಿಂದ ಒಂದು ಕಾರು ಬಂತು. ಇಪ್ಪತ್ತೊಂಬತ್ತರ ಭವ್ಯ, ಗಂಡ ಪ್ರಭುದೇವ್, ಭವ್ಯಳ ತಾಯಿ ದಾಕ್ಷಾಯಣಮ್ಮ. ಹಣೆ ತುಂಬ ವಿಭೂತಿ. ಭವ್ಯಳಿಗೆ ಸಕ್ಕರೆ ಕಾಯಿಲೆ ಬಂದಾಗಿದೆ, ಲಿವರಿಗೆ ಕೊಬ್ಬು ಕಟ್ಟಿದೆ, ತೂಕ ಇಳಿಯಲೇಬೇಕು ಎಂದು ಡಾಕ್ಟರ್ ಕಟ್ಟುನಿಟ್ಟಾಗಿ ಹೇಳಿದ್ದಾರೆ. ಎರಡು ಸಲ ದಿನ ಕೊಟ್ಟಾಗಲೂ ಹೆದರಿ ಬಂದಿರಲಿಲ್ಲ. ಮೂರನೇ ಸಲ ಧೈರ್ಯ ತಂದುಕೊಂಡಿದ್ದಾಳೆ.

“ಏನೂ ತಿಂದಿಲ್ಲ, ನೀರೂ ಕುಡ್ದಿಲ್ಲ,” ಎಂದು ಕೇಳುವ ಮೊದಲೇ ಪ್ರಭುದೇವ್ ಹೇಳಿದರು.

ಕೊಲ್ಲಾಪುರಮ್ಮ ಆತನ ಕಡೆ ನೋಡಲೂ ಇಲ್ಲ. ದಾಕ್ಷಾಯಣಮ್ಮನನ್ನು ಪಕ್ಕಕ್ಕೆ ಕೂರಿಸಿಕೊಂಡು ಲೋಕಾಭಿರಾಮ ಶುರು ಮಾಡಿದರು.

“ಪೂಜೆ ಗೀಜೆ ಮುಗಿಸ್ಕೊಂಡೇ ಹೊರಟ್ರಾ ಅವ್ವಾ?”

“ಅಯ್ಯೋ, ಅದಿಲ್ದೆ ಉಂಟಾ? ಶಿವಪೂಜೆ ಆಗ್ದೆ ಹೊಸ್ಲು ದಾಟಲ್ಲ ತಲ್ಲೀ ನಮ್ಮಿಂಟ್ಲೋ, ನಮ್ಮನೇಲಿ.” ಗಡಿ ಕಡೆಯ ತೆಲುಗು ಬೆರೆತ ಮಾತು.

“ಎಡೆ ಏನ್ ಮಾಡಿದ್ರಿ?”

“ರಸಾಯನ. ಬಾಳೆಹಣ್ಣು, ಜೇನು, ಹಾಲು.”

“ಒಳ್ಳೇದು. ಯಾರ್ಯಾರಿಗೆ ಹಂಚಿದ್ರಿ?”

“ಎಲ್ರಿಗೂನೂ. ಅಳಿಯಂದ್ರಿಗೆ, ನಮ್ಮ ಭವ್ಯಂಗೆ...”

ಪ್ರಭುದೇವ್ ಹಣೆ ಚಚ್ಚಿಕೊಂಡರು. “ಅತ್ತೆ, ಬಾಯಿ ಮುಚ್ಕೊಂಡ್ ಇರಬಾರ್ದಾ? ಒಂದು ಚಮಚ ಕಣ್ರೀ ಅದು! ದೇವರ ಪ್ರಸಾದ! ಅದಕ್ಕೆ ಏನಾಗುತ್ತೆ?” ದನಿ ಏರಿತು. ಇಷ್ಟು ದೂರದಿಂದ ಬಂದಿದ್ದೇವೆ, ಡಾಕ್ಟರ್ ಏನೂ ಹೇಳದೆ ಇರುವಾಗ ನೆಲ ಒರೆಸುವವಳದ್ದೇನು ಅಧಿಕಾರ ಎಂದರು. ಇನ್ನೂ ಏನೇನೋ ಅಂದರು, ಇಲ್ಲಿ ಬರೆಯುವಂಥದ್ದಲ್ಲ. ಭವ್ಯ ಗೋಡೆ ಕಡೆ ತಿರುಗಿ ಅಳತೊಡಗಿದಳು. ಬಹಳ ಕಷ್ಟಪಟ್ಟು ಕೂಡಿಸಿಕೊಂಡ ಧೈರ್ಯ ಅದು.

ಕೊಲ್ಲಾಪುರಮ್ಮ ಕುರ್ಚಿ ಬಿಟ್ಟು ಏಳಲಿಲ್ಲ. ದಾಕ್ಷಾಯಣಮ್ಮನ ಕೈ ಹಿಡಿದುಕೊಂಡೇ ಇದ್ದರು. “ನನ್ ಮಗಳಿಗೂ ನಿನ್ ಮಗಳಷ್ಟೇ ವಯಸ್ಸು ಕಣವ್ವ. ನಾನೂ ಪ್ರಸಾದಾನೇ ಕೊಟ್ಟಿದ್ದು. ತಂಬಿಟ್ಟು. ಎರಡು ತುತ್ತು. ಹನ್ನೊಂದನೇ ದಿನಕ್ಕೆ ಮಣ್ಣು ಮಾಡಿ ಬಂದೆ. ನಿನ್ ಅಳಿಯ ಬೈಯ್ಲಿ. ನೀನು ಇವತ್ತು ಮಗಳ್ನ ಕಾರಲ್ಲಿ ಕೂರಿಸ್ಕೊಂಡು ಹೋಗ್ತೀಯಲ್ಲ, ಹೋಗು.”

ದಾಕ್ಷಾಯಣಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಡಾಕ್ಟರ್ ಹೊರಗೆ ಬಂದು, ಇವತ್ತು ಆಗುವುದಿಲ್ಲ, ಹದಿನೈದು ದಿನ ಬಿಟ್ಟು ಬನ್ನಿ ಎಂದರು. ಪ್ರಭುದೇವ್ ಕಾರಿನ ಬಾಗಿಲು ಹಾಕಿದ ಸದ್ದು ಒಳಗಿನವರೆಗೂ ಕೇಳಿತು. ಭವ್ಯ ಕೊಲ್ಲಾಪುರಮ್ಮನ ಮುಖ ನೋಡದೆ ಹೋದಳು. ನಲವತ್ತೆರಡನೆಯವಳು.

ಮಧ್ಯಾಹ್ನ ಒಂದೂವರೆಗೆ ಕೊನೆಯವರು ಎಚ್ಚರಗೊಂಡು ಕಣ್ಣು ಬಿಡುವವರೆಗೆ ಕೊಲ್ಲಾಪುರಮ್ಮ ತಾವೂ ಏನೂ ತಿನ್ನುವುದಿಲ್ಲ, ನೀರೂ ಕುಡಿಯುವುದಿಲ್ಲ. ಯಾರೂ ಹೇಳಿದ ನಿಯಮವಲ್ಲ. ಆಮೇಲೆ ಡಬ್ಬಿಯಲ್ಲಿರುವ ಪ್ರಸಾದವನ್ನು ಅವರವರ ಮನೆಯವರಿಗೆ ಹುಡುಕಿ ಹುಡುಕಿ ಒಪ್ಪಿಸುತ್ತಾರೆ. ಯಾರದ್ದು ಯಾವುದು ಎಂದು ಇವತ್ತಿನವರೆಗೆ ತಪ್ಪಿಲ್ಲ. ತಿಪ್ಪೇಶ್ ಅವರ ತಾಯಿಗೆ ಕೊಬ್ಬರಿ ಚೂರು ಕೊಟ್ಟು, “ನೀನು ತಿನ್ನು ತಾಯಿ, ಅವ್ನಿಗೆ ಮೂರು ದಿನ ಬರೀ ವಾಂತಿ ಬಂದಂಗಾಯ್ತದೆ, ಎದೆಗುಂದಬ್ಯಾಡ, ಗಂಜಿ ತಿಳೀನೇ ಗುಟುಕ್ ಗುಟುಕಾಗಿ ಕೊಡು” ಎಂದು ಹೇಳಿ ಕಳಿಸಿದರು.

ತಮ್ಮೂರ ಗುಡಿಯ ಪೂಜಾರಿ ಅಶ್ವತ್ಥ ಅವರ ಜೊತೆಯೂ ಒಂದು ಯುದ್ಧ ನಡೆದಿದೆ. ಆಸ್ಪತ್ರೆಗೆ ಹೊರಟವರಿಗೆ ಹೂವು, ಕುಂಕುಮ ಬಿಟ್ಟು ಬೇರೇನೂ ಕೊಡಬೇಡಿ ಎಂದು ಕೇಳಿದ್ದಕ್ಕೆ ಅವರು ಮೊದಲು ಕೆಂಡವಾದರಂತೆ. ಈಗ ಅವರೇ ಕೇಳುತ್ತಾರೆ, “ಆಸ್ಪತ್ರೆಗಾ, ಊರಿಗಾ?” ಎಂದು. ಆಸ್ಪತ್ರೆಗೆ ಎಂದರೆ ಹೂವು ಮಾತ್ರ. ಕೊಲ್ಲಾಪುರಮ್ಮ ಮಾತ್ರ ಏಳು ವರ್ಷದಿಂದ ಆ ಗುಡಿಯಲ್ಲಿ ತಂಬಿಟ್ಟು ಮುಟ್ಟಿಲ್ಲ. “ತಾಯಿ ಮೇಲೆ ಕೋಪ ಇಲ್ಲ. ಬಾಯ್ಗಿಟ್ರೆ ಗಂಟಲಲ್ಲಿ ಇಳಿಯಲ್ಲ, ಅಷ್ಟೇಯ.”

ಲೋಹಿತಾ ಅವರನ್ನು ಹುಡುಕುವುದು ನನ್ನ ಪಾಲಿಗೆ ಬಂತು. ಬರೆದು ಕೈ ತೊಳೆದುಕೊಂಡರೆ ಆಗುತ್ತಿತ್ತು, ಮನಸ್ಸು ಕೇಳಲಿಲ್ಲ. ಶಿರಾದಲ್ಲಿರುವ ಅವರ ಸಹಪಾಠಿಯೊಬ್ಬರಿಂದ ವಿಳಾಸ ಸಿಕ್ಕಿತು. ಕೊರಟಗೆರೆಯ ಒಂದು ಸಣ್ಣ ಬೀದಿಯ ಹೆಂಚಿನ ಮನೆ. ಲೋಹಿತಾ ಅವರಿಗೆ ಈಗ ಮೂವತ್ತು. ಗಾರ್ಮೆಂಟ್ಸ್‌ನಲ್ಲಿ ಹೊಲಿದ ಅಂಗಿಗಳ ಗುಂಡಿ, ಕಾಜಾ ಪರೀಕ್ಷಿಸುವ ಕೆಲಸ. ಆ ಘಟನೆಯ ನಂತರ ಯಾವ ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತಿಲ್ಲ. ನರ್ಸಿಂಗ್ ಸರ್ಟಿಫಿಕೇಟು ಬೀರುವಿನಲ್ಲೇ ಇದೆ.

ಕೊಲ್ಲಾಪುರಮ್ಮನ ಮಾತನ್ನು ಇದ್ದದ್ದು ಇದ್ದ ಹಾಗೆ ಓದಿ ಹೇಳಿದೆ. ತಪ್ಪು ಅವಳದಲ್ಲ, ನನ್ನದು ಎಂಬಲ್ಲಿಗೆ ಬಂದಾಗ ಲೋಹಿತಾ ಕೈ ಎತ್ತಿ ನಿಲ್ಲಿಸಿದರು.

“ಅವರು ಒಂದು ವಿಷಯ ಹೇಳಿಲ್ಲ, ಅಲ್ವಾ ಸರ್?”

ಏನೆಂದು ಕೇಳಿದೆ.

“ಆವತ್ತು ಬೆಳಗ್ಗೆ ಫಾರಂ ತುಂಬೋಕೆ ಹೋದಾಗ ಆ ಅಮ್ಮ, ತಗೋಳಮ್ಮ, ನಮ್ಮೂರ ತಾಯಿ ಪ್ರಸಾದ ಅಂತ ನನ್ನ ಕೈಗೂ ಒಂದು ತುಂಡು ತಂಬಿಟ್ಟು ಇಟ್ಟರು. ಕಣ್ಣಿಗೊತ್ತಿಕೊಂಡು ತಿಂದೆ ಸರ್. ಅಲ್ಲೇ ನಿಂತ್ಕೊಂಡು. ಅವರ ಮಗಳ ಬೆರಳಲ್ಲೂ ಹಿಟ್ಟಿತ್ತು, ಅದೂ ಕಂಡೆ. ಆಮೇಲೆ ಕೈ ಒರೆಸ್ಕೊಂಡು, ಏನಾದ್ರೂ ತಿಂದಿದ್ದಾರಾ ಅಂತ ಕೇಳಿದೆ. ಇಲ್ಲ ಅಂದ್ರು. ಏನೂ ತಿಂದಿಲ್ಲ ಅಂತ ಬರೆದೆ. ನನ್ನ ಬಾಯಲ್ಲಿ ಇನ್ನೂ ಬೆಲ್ಲದ ರುಚಿ ಇತ್ತು.”

ಹೊರಗೆ ಯಾರೋ ಬಿಂದಿಗೆ ತುಂಬಿಸುತ್ತಿದ್ದರು.

“ಜನ ಎಳೆದಾಡಿದಾಗ ನಾನು ಹೇಳಬಹುದಿತ್ತು, ತಾಯೀನೇ ಕೊಟ್ಟಿದ್ದು ಅಂತ. ಹೇಳಿದ್ರೆ ನೀನ್ಯಾಕೆ ತಿಂದೆ, ನೋಡಿದ್ದೂ ಯಾಕೆ ಬರೀಲಿಲ್ಲ ಅಂತಿದ್ರು. ಮೂರು ವರ್ಷ ಕಾಲೇಜಲ್ಲಿ ಓದಿದ್ದೆ ಸರ್ ನಾನು. ಆ ಅಮ್ಮ ಓದಿಲ್ಲ. ತಪ್ಪು ಅವರೊಬ್ಬರದೇ ಅಂತ ಬರೀಬೇಡಿ. ನನ್ನ ಹೆಸರೂ ಪಕ್ಕದಲ್ಲೇ ಹಾಕಿ.”

ಹದಿನೈದು ದಿನ ಕಳೆದು ಮತ್ತೆ ಭಾನುವಾರ ಬಂತು. ನಾನು ಮಧುಗಿರಿಗೆ ಹೋಗುವ ಹೊತ್ತಿಗೆ ಭವ್ಯ ಆಗಲೇ ಒಳಗಿದ್ದಳು. ಪ್ರಭುದೇವ್ ಹೊರಗೆ ಬೇವಿನ ಮರದ ಕೆಳಗೆ ನಿಂತು ಫೋನು ನೋಡುತ್ತಿದ್ದರು, ನನ್ನನ್ನು ಕಂಡು ಮುಖ ತಿರುಗಿಸಿದರು. ದಾಕ್ಷಾಯಣಮ್ಮ ಬೆಂಚಿನ ಮೇಲೆ ಜಪಮಾಲೆ ಹಿಡಿದು ಕೂತಿದ್ದರು. ಕೊಲ್ಲಾಪುರಮ್ಮ ಕುರ್ಚಿಯಲ್ಲಿದ್ದರು. ಪಕ್ಕದಲ್ಲಿ ನಿಂತು ಲೋಹಿತಾ ಹೇಳಿದ್ದನ್ನೆಲ್ಲ ಹೇಳಿದೆ.

“ಅವರಿಗೂ ಪ್ರಸಾದ ಕೊಟ್ಟಿದ್ದನ್ನ ನನಗೆ ಹೇಳಲೇ ಇಲ್ಲವಲ್ಲಮ್ಮ?”

“ಹೇಳಿದ್ರೆ ನೀನು ಬರೆದ್ಬುಡ್ತಿದ್ದೆ. ಆ ಮಗೀನ ತಲೆ ಮೇಲೆ ಇನ್ನೊಂದು ಹೊರೆ ಬೀಳ್ತಿತ್ತು. ದೇವರ ಪ್ರಸಾದ ಹಿರಿಯೋರು ಕೈಗಿಟ್ರೆ ಅವ್ಳಾದ್ರೂ ಬ್ಯಾಡ ಅಂತಾಳಾ? ನಮ್ಮೋಳೇ ಅಲ್ವಾ ಅವ್ಳೂವೆ.”

“ಅವರೇ ಬರೆಯಿರಿ ಅಂದಿದ್ದಾರೆ.”

“ಅಂದ್ಳಾ?” ಕೊಲ್ಲಾಪುರಮ್ಮ ಕಣ್ಣು ಒರೆಸಿಕೊಳ್ಳಲಿಲ್ಲ. ನೀರು ಕೆನ್ನೆಯ ಮೇಲೆ ಇಳಿಯುತ್ತಲೇ ಇತ್ತು. “ಏಳು ವರ್ಷ ನನ್ ಹೆಸ್ರು ಎತ್ಲಿಲ್ಲ ನೋಡು ಅವ್ಳು. ಒಂದು ಮಾತು ಎತ್ತಿದ್ರೆ ಊರೋರು ನನ್ನ ಮಣ್ಣು ಮುಕ್ಕಿಸ್ತಿದ್ರು. ಈಗ ಏನ್ ಕೆಲ್ಸ ಮಾಡ್ತವ್ಳೆ?”

ಗಾರ್ಮೆಂಟ್ಸ್ ಎಂದೆ. ಅವರು ತಲೆ ಅಲ್ಲಾಡಿಸಿದರು, ಒಪ್ಪಿಗೆಯಿಂದಲ್ಲ. ಇಂಜೆಕ್ಷನ್ ಕೊಡಲು ಕಲಿತ ಕೈಯಲ್ಲಿ ಅಂಗಿ ಗುಂಡಿ ಎಣಿಸುವುದು ಯಾವ ನ್ಯಾಯ ಎಂದು ತಮಗೆ ತಾವೇ ಗೊಣಗಿಕೊಂಡರು. ಅಷ್ಟರಲ್ಲಿ ಬಾಗಿಲು ತೆರೆಯಿತು. ಭವ್ಯಳಿಗೆ ಎಚ್ಚರವಾಗಿದೆ, ಮಾತಾಡುತ್ತಿದ್ದಾಳೆ ಎಂದು ಒಳಗಿನಿಂದ ಹೇಳಿದರು. ದಾಕ್ಷಾಯಣಮ್ಮ ಎದ್ದು ಒಳಗೆ ಓಡಿದರು. ಕೊಲ್ಲಾಪುರಮ್ಮ ಅವರ ಬೆನ್ನನ್ನೇ ನೋಡುತ್ತಿದ್ದು, ಆಮೇಲೆ ನನ್ನ ಕಡೆ ತಿರುಗಿದರು.

“ಗೌರೀಶಪ್ಪನ್ನ ಕೇಳಿದೀನಿ ನಾನು. ಇಲ್ಲಿ ಸಿಸ್ಟರ್ ಕೆಲ್ಸ ಒಂದು ಖಾಲಿ ಐತಂತೆ. ನಿನ್ ಪೇಪರ್ನಾಗೆ ಕೊನೇಗೆ ಇದೊಂದು ಬರಿ. ಆ ಹುಡ್ಗಿ ಬರ್ಲಿ. ಕೇಳೋದ್ನ ನಾನ್ ಕೇಳ್ತೀನಿ. ಬರ್ಕೊಳೋದ್ನ ಅವ್ಳು ಬರ್ಕೊಳ್ಲಿ.”